ಬಸ್ಸಿನಲ್ಲಿ ಹೇಳಬಹುದಾಗಿದ್ದ ಭಾಷೆ

ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೆ ನನ್ನನ್ನು ಹುಡುಕಿಕೊಂಡು ಬರುವ ಹುಡುಗ ಹುಡುಗಿಯರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಕಂಪ್ಯೂಟರಿನ ಯಾವ ಭಾಷೆ ಕಲಿತರೆ ನಾಳೆಗೂ ನಡೆಯುತ್ತದೆ? ಇಷ್ಟು ವರ್ಷ ಅದೇ ಕೆಲಸ ಮಾಡಿದವಳಿಗೆ ಗೊತ್ತಿರಬೇಕು ಎಂಬ ನಂಬಿಕೆ ಅವರದು. ನನಗೆ ಗೊತ್ತಿಲ್ಲ. ಒಂದು ಭಾಷೆ ಗೆದ್ದು, ಅದರ ಪಕ್ಕದಲ್ಲೇ ಇದ್ದ, ನನ್ನ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯದಾದ ಇನ್ನೊಂದು ಮೂಲೆಗೆ ಸರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದು ಅರ್ಥವಾಯಿತು ಎಂದು ಮಾತ್ರ ಹೇಳಲಾರೆ. ಆದ್ದರಿಂದ ಕಂಡ ಹಾಗೆ ಬರೆಯುತ್ತೇನೆ. ಬಡ್ತಿ, ಸನ್ಮಾನಗಳ ಸುದ್ದಿ ಇದರಲ್ಲಿ ಇಲ್ಲ.

ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಸೇರಿದ್ದು ಬೆಂಗಳೂರಿನ ಅಂಚಿನಲ್ಲಿದ್ದ, ಲೋಹ ಕಡೆಯುವ ಲೇತ್ ಯಂತ್ರಗಳನ್ನು ತಯಾರಿಸುವ ಒಂದು ಕಾರ್ಖಾನೆಗೆ. ಅರವತ್ತರ ದಶಕ ಮುಗಿಯುತ್ತಿತ್ತು. ಮನೆ ದೊಡ್ಡಬಳ್ಳಾಪುರದಲ್ಲಿ. ಬೆಳಿಗ್ಗೆ ಕಾರ್ಖಾನೆಯ ಬಸ್ಸು ನಮ್ಮ ಊರಿನಿಂದ ಹೊರಟು, ರಾಜಾನುಕುಂಟೆಯಲ್ಲಿ ಒಂದಿಷ್ಟು ಜನರನ್ನು ಹತ್ತಿಸಿಕೊಂಡು, ಯಲಹಂಕ ದಾಟಿ ಗೇಟಿನೊಳಗೆ ನಿಲ್ಲುತ್ತಿತ್ತು. ಸಂಜೆ ಅದೇ ದಾರಿಯಲ್ಲಿ ವಾಪಸು. ಮುಂದಿನ ಸೀಟುಗಳು ಹೆಂಗಸರಿಗೆ. ನಾನು ಯಾವಾಗಲೂ ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದೆ. ಮಾತನಾಡದಿರುವುದಕ್ಕೆ ಕಿಟಕಿ ಒಳ್ಳೆಯ ನೆಪ.

ಆ ಕಾಲದ ಕೆಲಸದ ರೀತಿಯನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಂಪ್ಯೂಟರಿನ ಮುಂದೆ ನಾವು ಕೂರುತ್ತಲೇ ಇರಲಿಲ್ಲ. ಅದನ್ನು ಗಾಜಿನಾಚೆ ನೋಡಬಹುದಿತ್ತು, ಅಷ್ಟೆ. ಪ್ರೋಗ್ರಾಮನ್ನು ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ಪಂಚಿಂಗ್ ರೂಮಿಗೆ ಕೊಡಬೇಕು. ಅಲ್ಲಿ ಸಾಲಾಗಿ ಕುಳಿತ ಹುಡುಗಿಯರು ಒಂದೊಂದು ಸಾಲನ್ನು ಒಂದೊಂದು ಗಟ್ಟಿ ಕಾಗದದ ಕಾರ್ಡಿನ ಮೇಲೆ ತೂತಾಗಿ ಹೊಡೆಯುತ್ತಿದ್ದರು. ಕಾರ್ಡಿನ ತಲೆಯ ಮೇಲೆ ಆ ಸಾಲು ಸಣ್ಣ ಅಕ್ಷರದಲ್ಲಿ ಅಚ್ಚಾಗುತ್ತಿತ್ತು. ಆ ಕಾರ್ಡಿನ ಕಟ್ಟನ್ನು ಟ್ರೇಯಲ್ಲಿಟ್ಟುಕೊಂಡು ಹೋಗಿ ಯಂತ್ರದ ಕೋಣೆಯ ಕಿಟಕಿಯಲ್ಲಿ ಕೊಟ್ಟರೆ ಮರುದಿನ ಅಚ್ಚಾದ ಕಾಗದ ಬರುತ್ತಿತ್ತು. ತಪ್ಪಿದ್ದರೆ ಮತ್ತೆ ಮೊದಲಿನಿಂದ. ಒಂದು ತಪ್ಪಿಗೆ ಒಂದು ದಿನ.

ಭಾಷೆಗಳು ಎರಡು. ಫೋರ್ಟ್ರಾನ್ ಸೂತ್ರಗಳ ಭಾಷೆ. ಗಣಿತ ಓದಿದವರಿಗೆ ಅದು ಕಂಡ ಕೂಡಲೇ ಮನೆಯವರ ಹಾಗೆ ಅನ್ನಿಸುತ್ತದೆ. ಕೋಬಾಲ್ ಉಗ್ರಾಣ ಮತ್ತು ಕಚೇರಿ ಕೆಲಸದ ಭಾಷೆ. ಅದರ ಸಾಲುಗಳು ಇಂಗ್ಲಿಷ್ ವಾಕ್ಯದ ಹಾಗೆ ಇರುತ್ತವೆ. ಇದನ್ನು ಓದು, ಅದನ್ನು ಕಳೆ, ಇದು ಅದಕ್ಕಿಂತ ಕಡಿಮೆ ಇದ್ದರೆ ಹೀಗೆ ಮಾಡು, ಎಂದು. ಪ್ರತಿ ವಾಕ್ಯದ ಕೊನೆಗೆ ಫುಲ್‌ಸ್ಟಾಪ್. ಫೋರ್ಟ್ರಾನಿನಲ್ಲಿ ನಾನು ಒಂದು ಸಾಲಿನಲ್ಲಿ ಮುಗಿಸುವುದಕ್ಕೆ ಕೋಬಾಲ್ ಅರ್ಧ ಪುಟ ಕೇಳುತ್ತಿತ್ತು. ಇಷ್ಟು ಮಾತು ಯಾಕೆ ಎಂದು ನನಗೆ ಮೊದಲಿನಿಂದಲೂ ಅದರ ಮೇಲೆ ಬೇಸರ.

ಕೋಬಾಲ್ ಬರೆಯುತ್ತಿದ್ದವರು ಮುನಿರಾಜು. ಸಾಸಲು ಕಡೆಯ ರಾಗಿ ಬೆಳೆಯುವ ಮನೆಯವರು, ಬಿ.ಕಾಂ. ಮಾಡಿ ಉಗ್ರಾಣದ ವಿಭಾಗದಿಂದ ನಮ್ಮಲ್ಲಿಗೆ ಬಂದವರು. ನಮ್ಮದೇ ಬಸ್ಸು, ಹಿಂದಿನ ಸೀಟು. ದಿನವೂ ನನ್ನ ಮೇಜಿನ ಹತ್ತಿರ ಒಮ್ಮೆ ನಿಲ್ಲದೆ ಅವರಿಗೆ ಬೆಳಗಾಗುತ್ತಿರಲಿಲ್ಲ.

“ಏನ್ ವಿಮಲಾ ಮೇಡಂ, ಇವತ್ತು ಎಷ್ಟು ಬ್ರಾಕೆಟ್ ಮುಚ್ಚಿದ್ರಿ?”

“ತೆರೆದಷ್ಟು.”

“ನಮ್ದು ನೋಡಿ, ಬ್ರಾಕೆಟ್ಟೇ ಇಲ್ಲ. ನಮ್ಮಜ್ಜಿನೂ ಓದ್ಬೋದು.”

“ನಿಮ್ಮಜ್ಜಿಗೆ ಇಂಗ್ಲಿಷ್ ಬರುತ್ತಾ?”

“ಬರಲ್ಲ. ಬಂದಿದ್ರೆ ಓದೋರು.”

ನನ್ನ ಪ್ರೋಗ್ರಾಮು ಮಾಡುತ್ತಿದ್ದ ಕೆಲಸ ಇದು. ಒಂದು ಲೇತಿಗೆ ನೂರಾರು ಬಿಡಿಭಾಗಗಳು. ಜೋಡಿಸುವ ಕಡೆ ಒಂದು ಗೇರು ಚಕ್ರ ಬರದಿದ್ದರೂ ಪೂರ್ತಿ ಯಂತ್ರ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಯಾವ ಭಾಗ ಮೊದಲು ಸಾಲದೆ ಬರುತ್ತದೆ, ಅದನ್ನು ಯಾವಾಗ ಎರಕಕ್ಕೆ ಹಾಕಬೇಕು ಎಂದು ಮುಂಚೆಯೇ ಹೇಳುವ ಪ್ರೋಗ್ರಾಮು. ಫೋರ್ಟ್ರಾನಿನಲ್ಲಿ ಬರೆದಿದ್ದೆ. ವರ್ಷಗಟ್ಟಲೆ ತಿದ್ದಿದ್ದೆ. ಅದರಲ್ಲಿ ಒಂದು ಕಡೆ, ಭಾಗಗಳೊಳಗಿನ ಭಾಗಗಳನ್ನು ಎಣಿಸುವ ಜಾಗವಿತ್ತು. ಕೆಲವೇ ಸಾಲು. ಬೇರೆ ಯಾರಿಗೂ ತೋರಿಸದೆ ನಾನೊಬ್ಬಳೇ ಆಗಾಗ ತೆಗೆದು ನೋಡಿ ಸಂತೋಷಪಡುತ್ತಿದ್ದೆ.

ಈಗ ನನ್ನ ಒಂದು ಎಡವಟ್ಟನ್ನು ಹೇಳಬೇಕು. ಮುಂದಿನದೆಲ್ಲ ಅದರಿಂದಲೇ ಶುರುವಾಯಿತು.

ಪಂಚಿಂಗ್ ರೂಮಿಗೂ ಯಂತ್ರದ ಕೋಣೆಗೂ ನಡುವೆ ಒಂದು ತೆರೆದ ಅಂಗಳ. ಆಷಾಢದ ಗಾಳಿ ಬೀಸುತ್ತಿದ್ದ ಒಂದು ದಿನ ನನ್ನ ಕಟ್ಟನ್ನೂ ಮುನಿರಾಜು ಅವರ ಕಟ್ಟನ್ನೂ ಒಂದೇ ಟ್ರೇಯಲ್ಲಿ ಇಟ್ಟುಕೊಂಡು ಹೊರಟೆ. ಕಾರ್ಡಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಬೇಕು. ಕಟ್ಟಿನ ನೆತ್ತಿಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಪೆನ್ಸಿಲಿನಲ್ಲಿ ಓರೆಯಾಗಿ ಒಂದು ಗೆರೆ ಎಳೆಯಬೇಕು. ಕಾರ್ಡು ಕಲೆತುಹೋದರೆ ಆ ಗೆರೆ ಕೂಡಿಸಿಕೊಂಡೇ ಜೋಡಿಸಬಹುದು. ನಾನು ಎರಡನ್ನೂ ಮಾಡಿರಲಿಲ್ಲ. ನಾಲ್ಕು ಹೆಜ್ಜೆಯ ಅಂಗಳ ಎಂದುಕೊಂಡಿದ್ದೆ. ಗಾಳಿ ಟ್ರೇಯ ತಳಕ್ಕೆ ಹೊಕ್ಕಿತು. ಕಾರ್ಡುಗಳು ಕಣಗಿಲೆ ಗಿಡಗಳ ಮೇಲೆಲ್ಲ ಹೋಗಿ ಕೂತವು.

ಪಂಚಿಂಗ್ ರೂಮಿನ ಹುಡುಗಿಯರು ಓಡಿ ಬಂದರು. ಅವರಲ್ಲಿ ಹೆಚ್ಚಿನವರು ನಮ್ಮ ಊರಿನವರೇ. ಮುಂದಾಳು ನಾಗರತ್ನ. ಎಸ್ಸೆಸ್ಸೆಲ್ಸಿ ಮಾಡಿದ್ದಳು, ತಂದೆಯದು ರೇಷ್ಮೆ ಮಗ್ಗ, ಬಾಯಿ ಸುಮ್ಮನಿರುವುದು ಅವಳಿಗೆ ಗೊತ್ತೇ ಇರಲಿಲ್ಲ. ಕಾರ್ಡುಗಳನ್ನೆಲ್ಲ ಬಾಚಿಕೊಂಡು ಒಳಗೆ ಹೋಗಿ ನೆಲದ ಮೇಲೆ ಹರಡಿದರು.

“ಇಲ್ನೋಡೇ, ಇದ್ರಲ್ಲಿ ‘ರೀಡ್ ಸ್ಟಾಕ್ ಫೈಲ್’ ಅಂತಿದೆ. ಓದಿದ್ಮೇಲೆ ತಾನೆ ಕಳೆಯೋದು? ಆ ‘ಸಬ್‌ಟ್ರಾಕ್ಟ್’ ಕೆಳಗಿಡು.”

“ಇಲ್ಲೊಂದು ‘ಸ್ಟಾಪ್ ರನ್’ ಇದೆಯಲ್ಲೇ.”

“ಅದು ಕೊನೇದು ಕಣೇ. ನಿಲ್ಲು ಅಂತ ಹೇಳ್ತಿದೆ, ಮಧ್ಯದಲ್ಲಿಟ್ರೆ ನಿಂತ್ಬಿಡಲ್ವಾ?”

ಊಟದ ಗಂಟೆ ಹೊಡೆಯುವ ಹೊತ್ತಿಗೆ ಮುನಿರಾಜು ಅವರ ಕಟ್ಟು ಸರಿಯಾಗಿತ್ತು. ನನ್ನದನ್ನು ಅವರು ಮುಟ್ಟಿ ನೋಡಿ ಹಾಗೆಯೇ ಬಿಟ್ಟರು. ಬರೆದ ಹಾಳೆಗಳನ್ನು ಎದುರಿಗಿಟ್ಟುಕೊಂಡು ಒಂದೊಂದೇ ಕಾರ್ಡನ್ನು ಹುಡುಕಿ ಜೋಡಿಸುತ್ತ ನಾನು ಸಂಜೆಯವರೆಗೆ ಕೂತಿದ್ದೆ.

ಅಂದು ಬಸ್ಸಿನಲ್ಲಿ ನಾಗರತ್ನ ನನ್ನ ಪಕ್ಕಕ್ಕೆ ಬಂದು ಕೂತಳು. ಕಿಟಕಿಯ ನೆಪ ನಡೆಯಲಿಲ್ಲ.

“ವಿಮಲಕ್ಕ, ದಿನಾ ಹೊಡೀತೀವಿ. ಏನ್ ಹೊಡೀತೀವಿ ಅಂತ ನಮಗೇ ಗೊತ್ತಿಲ್ಲ. ಹೇಳ್ಕೊಡಿ.”

“ಯಾವಾಗ ಹೇಳ್ಕೊಡೋದು?”

“ಈಗ್ಲೇ. ಮನೆ ಸೇರಿದ್ರೆ ನೀರು, ಒಲೆ, ತಮ್ಮಂದ್ರು. ಫ್ಯಾಕ್ಟ್ರೀಲಿ ತಲೆ ಎತ್ತೋಕಾಗಲ್ಲ. ನಮಗೆ ಖಾಲಿ ಇರೋದು ಬಸ್ಸೊಂದೇ.”

ಅದು ನಿಜವಾಗಿತ್ತು. ಮರುದಿನದಿಂದ ಶುರು ಮಾಡಿದೆವು. ನನಗೆ ಪ್ರಿಯವಾದದ್ದು ಫೋರ್ಟ್ರಾನ್, ಆದ್ದರಿಂದ ಅದನ್ನೇ ತೆಗೆದುಕೊಂಡೆ. ಆ ರಸ್ತೆಯಲ್ಲಿ ಬಸ್ಸಿನೊಳಗೆ ಒಂದು ಅಕ್ಷರ ಬರೆಯುವುದು ಸಾಧ್ಯವಿರಲಿಲ್ಲ. ಪೆನ್ಸಿಲು ಹಾಳೆ ಬಿಟ್ಟು ಸೀರೆಗೆ ಹೋಗುತ್ತಿತ್ತು. ಹಾಗಾಗಿ ಬಾಯಲ್ಲೇ ಹೇಳಿದೆ. “ಎ ಬ್ರಾಕೆಟ್ ಐ ಕಾಮಾ ಜೆ ಬ್ರಾಕೆಟ್ ಈಕ್ವಲ್ ಟು ಬಿ ಬ್ರಾಕೆಟ್ ಐ ಬ್ರಾಕೆಟ್ ಸ್ಟಾರ್...”

ಹಿಂದಿನಿಂದ ಯಾರೋ ಫಿಟ್ಟರು ಕೂಗಿದರು. “ಯಾವ್ ಪೂಜೆ ಮೇಡಂ? ಪ್ರಸಾದ ಇದೆಯಾ?”

ಬಸ್ಸಿಗೆ ಬಸ್ಸೇ ನಕ್ಕಿತು. ನನಗೆ ಕಿವಿ ಬಿಸಿಯಾಯಿತು. ಆದರೂ ಒಂದು ವಾರ ಬಿಡದೆ ಹೇಳಿದೆ. ಕೊನೆಗೆ ನಾಗರತ್ನಳೇ ಮೆಲ್ಲಗೆ ಹೇಳಿದಳು. “ಅಕ್ಕ, ತಪ್ಪು ತಿಳ್ಕೋಬೇಡಿ. ಇದು ಕಣ್ಣಿಗೆ ಕಾಣ್ಬೇಕು. ಕಿವಿಗೆ ಸಿಕ್ತಾ ಇಲ್ಲ.”

ಆಗ ನಾನು ಕೋಬಾಲಿಗೆ ಬಂದೆ. ಮುನಿರಾಜು ಅವರ ಪ್ರೋಗ್ರಾಮುಗಳನ್ನು ಪರಿಶೀಲಿಸಲು ಅದನ್ನು ಕಲಿತಿದ್ದೆ, ಇಷ್ಟವಿದ್ದು ಕಲಿತದ್ದಲ್ಲ. ಅದನ್ನು ಹೇಳಬಹುದಿತ್ತು. ಕೇಳಬಹುದಿತ್ತು. ಒಬ್ಬಳು ಒಂದು ವಾಕ್ಯ ಹೇಳಿದರೆ ಪಕ್ಕದವಳು ಮುಂದಿನದನ್ನು ಹೇಳಬಹುದಿತ್ತು. ಕೆಲವೇ ದಿನಗಳಲ್ಲಿ ಅದು ಅವರ ಕೈಗೆ ಹೋಗಿ ಅದರ ರೂಪವೇ ಬದಲಾಯಿತು.

“ಇಫ್ ಹಾಲು ಲೆಸ್ ದ್ಯಾನ್ ಒಂದು ಸೇರು, ಪರ್ಫಾರ್ಮ್ ಅಂಗಡಿಗೆ ಹೋಗು, ಫುಲ್‌ಸ್ಟಾಪ್.”

“ಮೂವ್ ಅತ್ತೆ ಟು ಮೈದುನನ ಮನೆ, ಫುಲ್‌ಸ್ಟಾಪ್.”

“ಅಯ್ಯೋ, ಮೂವ್ ಅಂದ್ರೆ ಸಾಗ್ಸೋದಲ್ಲ ಕಣೇ. ನಕಲು ಮಾಡೋದು. ಅಕ್ಕ ಹೇಳ್ಲಿಲ್ವಾ? ಅತ್ತೆ ಅಲ್ಲೂ ಇರ್ತಾರೆ, ಇಲ್ಲೂ ಇರ್ತಾರೆ.”

“ಹಾಗಾದ್ರೆ ಬೇಡಪ್ಪಾ!”

ಒಂದು ಕಟ್ಟಳೆಯೂ ಆಯಿತು. ಫುಲ್‌ಸ್ಟಾಪ್ ಹೇಳಲು ಮರೆತವರು ರಾಜಾನುಕುಂಟೆಯಲ್ಲಿ ಎಲ್ಲರಿಗೂ ಹುರಿದ ಕಡಲೆಕಾಯಿ ಕೊಡಿಸಬೇಕು. ಡ್ರೈವರ್ ಖಾದರ್ ಸಾಹೇಬರಿಗೂ ಒಂದು ಪೊಟ್ಟಣ. ಅವರು ಅದಕ್ಕಾಗಿ ಬಸ್ಸನ್ನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸುತ್ತಿದ್ದರು.

ಹೀಗೆ ಒಂದು ವರ್ಷಕ್ಕೆ ಮೇಲೆ ನಡೆದಿರಬೇಕು. ಅಷ್ಟರಲ್ಲಿ ಹೊಸ ಯಂತ್ರ ಬರುವ ಸುದ್ದಿ ಬಂತು.

ನಮ್ಮ ವಿಭಾಗದ ಮುಖ್ಯಸ್ಥರು ಶೇಷಗಿರಿ ಸರ್. ಬಾಯಲ್ಲಿ ಸದಾ ಒಂದು ಲವಂಗ. ಅದು ಎಡಗೆನ್ನೆಯಿಂದ ಬಲಗೆನ್ನೆಗೆ ಹೋಗುವವರೆಗೂ ಮಾತು ಹೊರಡುತ್ತಿರಲಿಲ್ಲ. ನನ್ನನ್ನು ಕರೆದು ಕೂರಿಸಿದರು.

“ಹೊಸ ಯಂತ್ರದಲ್ಲಿ ಒಂದೇ ಭಾಷೆ ಇಟ್ಕೋಳಿ ಅಂತಿದಾರೆ ಮೇಲಿನೋರು. ಎರಡಕ್ಕೂ ಜನ ಇಡೋಕಾಗಲ್ಲ. ಯಾವ್ದು ಅಂತ ನೀವು ಒಂದು ವರದಿ ಬರೆದುಕೊಡಿ. ಪಕ್ಷಪಾತ ಬೇಡ.”

“ಕೋಬಾಲ್ ಆದ್ರೆ ನನ್ನ ಪ್ರೋಗ್ರಾಮು, ಸರ್?”

ಲವಂಗ ಈ ಕಡೆಯಿಂದ ಆ ಕಡೆ ಹೋಯಿತು. “ಹಳೇ ಯಂತ್ರದ ಜೊತೆ ಹೋಗುತ್ತೆ. ಬೇಕಾದೋರು ಹೊಸದಾಗಿ ಬರ್ಕೋತಾರೆ. ಪ್ಲಾನಿಂಗ್ ಆಫೀಸಿನೋರು ಗಣಿತ ಓದಿದೋರು ಬೇಕು ಅಂತಿದ್ರು. ನೀವು ಅಲ್ಲಿಗೆ ಹೋಗ್ಬೇಕಾಗ್ಬೋದು.”

ಪ್ಲಾನಿಂಗ್ ಆಫೀಸು ಎಂದರೆ ಗ್ರಾಫ್ ಹಾಳೆ, ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ. ಕಂಪ್ಯೂಟರಿನಿಂದ ನನ್ನನ್ನು ಆಚೆ ಹಾಕುತ್ತಾರೆ ಎಂದೇ ಅದರ ಅರ್ಥ. ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಕೆಲಸ ಇದೆಯಲ್ಲ, ಬಸ್ಸೂ ಅದೇ, ಮತ್ತೇನು ಎನ್ನುತ್ತಿದ್ದರು.

ವರದಿಯನ್ನು ನನ್ನ ಕೈಲಾದಷ್ಟು ನ್ಯಾಯವಾಗಿ ಬರೆದೆ. ಒಂದೇ ಕೆಲಸವನ್ನು ಎರಡೂ ಭಾಷೆಯಲ್ಲಿ ಬರೆದು ಓಡಿಸಿ ನೋಡಿದೆ. ಬಿಡಿಭಾಗದ ಲೆಕ್ಕದಲ್ಲಿ ಫೋರ್ಟ್ರಾನ್ ಬೇಗ ಮುಗಿಸುತ್ತಿತ್ತು, ಕಡಿಮೆ ಕಾರ್ಡು ಸಾಕಾಗುತ್ತಿತ್ತು. ಹೆಸರು, ವಿಳಾಸ, ಪಟ್ಟಿ ಅಚ್ಚು ಹಾಕುವುದರಲ್ಲಿ ಕೋಬಾಲ್ ಮೇಲು ಎಂದೂ ಬರೆದೆ. ಕಾರ್ಖಾನೆಯ ಮುಖ್ಯ ಕೆಲಸ ಲೆಕ್ಕ, ಆದ್ದರಿಂದ ಫೋರ್ಟ್ರಾನ್ ಎಂದು ಕೊನೆಗೆ ಬರೆದು ಸಹಿ ಹಾಕಿದೆ. ಆ ದಿನಗಳಲ್ಲೂ ಬಸ್ಸಿನ ಪಾಠ ನಿಂತಿರಲಿಲ್ಲ. ಎರಡಕ್ಕೂ ಏನಾದರೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ. ಮುನಿರಾಜು ಅವರಿಗೆ ಹೊಳೆದಿತ್ತು.

“ಬೆಳಿಗ್ಗೆ ಬಸ್ಸಲ್ಲಿ ನಮ್ ಕಡೆ, ಮಧ್ಯಾಹ್ನ ಮೇಜಿನ್ಮೇಲೆ ನಿಮ್ ಕಡೆ. ಯಾರ್ ಕಡೆ ಮೇಡಂ ನೀವು?”

“ಅದು ಪಾಠ. ಇದು ವರದಿ.”

“ಸರಿ ಬಿಡಿ” ಎಂದು ಅವರು ನಕ್ಕರು.

ಶೇಷಗಿರಿ ಸರ್ ವರದಿಯನ್ನು ಎರಡು ಸಲ ಓದಿ, “ಇದ್ರಲ್ಲಿ ತಪ್ಪು ಹುಡುಕೋಕಾಗಲ್ಲ” ಎಂದರು. ನಾನು ನೆಮ್ಮದಿಯಿಂದ ಮನೆಗೆ ಹೋದೆ.

ಅದಾದ ಮೇಲೆ ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಪಂಚಿಂಗ್ ರೂಮಿಗೆ ಕರೆದರು. ದೊಡ್ಡ ಕೋಣೆ ಬೇರೆ ಇರಲಿಲ್ಲ. ಸರ್ ಬಾಗಿಲ ಹತ್ತಿರ ನಿಂತು ಹೇಳಿದರು. “ಹೊಸ ಯಂತ್ರಕ್ಕೆ ಪ್ರೋಗ್ರಾಮು ಬರೆಯೋರು ಇನ್ನೂ ಬೇಕು. ಹೊರಗಿನಿಂದ ತಗೊಳ್ಳೋಕೆ ಮಂಜೂರಾತಿ ಸಿಕ್ಕಿಲ್ಲ. ನಮ್ಮಲ್ಲೇ ಯಾರಿಗೆ ಏನು ಬರುತ್ತೆ ನೋಡೋಣ. ಫೋರ್ಟ್ರಾನ್ ಯಾರಿಗೆ ಬರುತ್ತೆ?”

ನಾನು ಕೈ ಎತ್ತಿದೆ. ವಿನ್ಯಾಸ ವಿಭಾಗದ ಒಬ್ಬ ಎಂಜಿನಿಯರು ಅರ್ಧ ಎತ್ತಿದರು.

“ಕೋಬಾಲ್?”

ಮುನಿರಾಜು ಎತ್ತಿದರು. ನಾಗರತ್ನ ಎತ್ತಿದಳು. ಅವಳ ಹಿಂದೆ ಒಂದು ಸಾಲು, ಅದರ ಹಿಂದೆ ಇನ್ನೊಂದು ಸಾಲು. ಬಳೆಗಳ ಸದ್ದು ಕೋಣೆ ತುಂಬಿತು. ಸರ್ ಬಾಯಲ್ಲಿದ್ದ ಲವಂಗ ನಿಂತುಬಿಟ್ಟಿತು.

“ಕೆಳಗಿಳಿಸ್ರಮ್ಮ. ಹೊಡೆಯೋಕೆ ಬರುತ್ತಾ ಅಂತ ಅಲ್ಲ ಕೇಳಿದ್ದು. ಬರೆಯೋಕೆ.”

“ಬರೆಯೋಕೂ ಬರುತ್ತೆ ಸರ್” ಎಂದಳು ನಾಗರತ್ನ.

“ಯಾರು ಹೇಳ್ಕೊಟ್ರು?”

ಅವಳು ಬಾಯಿ ತೆರೆದು, ನನ್ನನ್ನು ನೋಡಿ, ಮುಚ್ಚಿಕೊಂಡಳು. ಇಷ್ಟು ದಿನದಲ್ಲಿ ಅವಳು ಮಾತು ನುಂಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ವರದಿಯ ವಿಷಯ ಅವಳಿಗೆ ಗೊತ್ತಿತ್ತು ಎಂದು ಆಗ ತಿಳಿಯಿತು. ವರದಿಗಾಗಿ ನಾನು ಬರೆದ ಪರೀಕ್ಷೆಯ ಪ್ರೋಗ್ರಾಮುಗಳನ್ನು ಹೊಡೆದವಳು ಅವಳೇ ಅಲ್ಲವೇ.

“ಬಸ್ಸಲ್ಲಿ ಕಲಿತ್ವಿ ಸರ್” ಎಂದಷ್ಟೇ ಹೇಳಿದಳು.

“ಬಸ್ಸಲ್ಲಾ?”

ಸರ್ ಮೊದಲು ಕೇಳಿದ್ದು ಯಾರಿಗೆ ಬರುತ್ತದೆ ಎಂದು. ಯಾರಿಗೆ ಬೇಕು ಎಂದಲ್ಲ. ನನಗೆ ಕೋಬಾಲ್ ಬರುತ್ತಿತ್ತು. ಆಗಲೇ ಒಮ್ಮೆ ಎತ್ತಿ ಇಳಿಸಿದ್ದ ಕೈಯನ್ನು ಮತ್ತೆ ಎತ್ತಿದೆ. ಸರ್ ನನ್ನನ್ನು ನೋಡಿದರು, ಆ ಸಾಲುಗಳನ್ನು ನೋಡಿದರು. ಮತ್ತೇನೂ ಕೇಳದೆ ಹೊರಟುಹೋದರು. ವಾರದೊಳಗೆ ಆದೇಶ ಬಂತು. ಕೋಬಾಲ್.

ನನ್ನನ್ನು ಪ್ಲಾನಿಂಗ್ ಆಫೀಸಿಗೆ ಕಳಿಸಲಿಲ್ಲ. ಕೈ ಎತ್ತಿದ್ದರಿಂದ ಉಳಿದೆ. ನನ್ನ ಪ್ರೋಗ್ರಾಮು ಉಳಿಯಲಿಲ್ಲ.

ಯಾಕೆ ಹೀಗಾಯಿತು ಎಂದು ನಾನು ಹಲವರನ್ನು ಕೇಳಿದ್ದೇನೆ. ಶೇಷಗಿರಿ ಸರ್ ಹೇಳಿದ್ದು, “ಬಸ್ಸೂ ಇಲ್ಲ, ಕೈ ಎತ್ತೋದೂ ಇಲ್ಲ ಕಣಮ್ಮ. ಅಮೆರಿಕದ ಸರ್ಕಾರ ಕೋಬಾಲ್ ಇಲ್ಲದ ಯಂತ್ರ ಕೊಳ್ಳಲ್ಲ ಅಂತು. ಮಾರೋರು ಎಲ್ಲ ಯಂತ್ರಕ್ಕೂ ಅದನ್ನ ಹಾಕಿ ಕಳಿಸಿದ್ರು. ಇವತ್ತಲ್ಲ ನಾಳೆ ನಾವು ಅಲ್ಲಿಗೇ ಹೋಗ್ತಿದ್ವಿ.” ಹಾಗಾದರೆ ನನ್ನಿಂದ ವರದಿ ಬರೆಸಿದ್ದು ಯಾಕೆ? ಕೇಳಲಿಲ್ಲ. ಮುನಿರಾಜು ಅವರ ಕಾರಣ ಬೇರೆ. “ಮೇಲಿನೋರು ನಾವೂ ಓದ್ಬೋದು ಅನ್ಕೋತಾರೆ ಮೇಡಂ. ಓದಲ್ಲ. ಆದ್ರೆ ಓದ್ಬೋದು ಅನ್ನೋ ಧೈರ್ಯ ಇರುತ್ತೆ.” ಆಮೇಲೆ ಎಂದೋ ಸಿಕ್ಕಿದ, ಕಂಪ್ಯೂಟರ್ ಮಾರುವ ಕಂಪನಿಯವರೊಬ್ಬರು, ಜಗತ್ತಿನಲ್ಲಿ ಲೆಕ್ಕಾಚಾರಕ್ಕಿಂತ ಪಟ್ಟಿ ಮಾಡುವ ಕೆಲಸವೇ ಹೆಚ್ಚು ಎಂದರು. ಎಲ್ಲರೂ ಹೇಳಿದ್ದು ಸರಿಯೇ ಇರಬೇಕು. ಆದರೆ ನಮ್ಮ ಕಾರ್ಖಾನೆಯಲ್ಲಿ ಅದು ಗೆದ್ದ ಬೆಳಿಗ್ಗೆ ನಾನು ಅಲ್ಲೇ ಇದ್ದೆ, ಮತ್ತು ಆ ಕೋಣೆಯಲ್ಲಿ ಅಮೆರಿಕದ ಸರ್ಕಾರ ಇರಲಿಲ್ಲ. ಬಳೆ ತೊಟ್ಟ ಕೈಗಳಿದ್ದವು. ಆ ಕೈಗಳಿಗೆ ಅದನ್ನು ಕಲಿಸಿದವಳು ನಾನು. ಅದಕ್ಕೆ ವಿರುದ್ಧವಾಗಿ ತಪ್ಪಿಲ್ಲದ ವರದಿ ಬರೆದವಳೂ ನಾನು. ಇದನ್ನು ಯಾವ ಕಡೆಯಿಂದ ಕೂಡಿಸಿದರೂ ನನಗೆ ಲೆಕ್ಕ ಹತ್ತುವುದಿಲ್ಲ. ಮುಂದೆ ಕೋಬಾಲನ್ನೂ ಪಕ್ಕಕ್ಕೆ ಸರಿಸಿ ಬೇರೆ ಭಾಷೆಗಳು ಬಂದವು. ಪ್ರತಿ ಸಲವೂ ಒಳ್ಳೆಯ ವರದಿ ಬರೆದವರೊಬ್ಬರು ಇದ್ದರು, ಪ್ರತಿ ಸಲವೂ ತೀರ್ಮಾನ ಬೇರೆಲ್ಲೋ ಆಗಿರುತ್ತಿತ್ತು.

ನನ್ನ ಪ್ರೋಗ್ರಾಮನ್ನು ಕೋಬಾಲಿನಲ್ಲಿ ಹೊಸದಾಗಿ ಬರೆಯುವ ಕೆಲಸವನ್ನು ನಾಗರತ್ನಳಿಗೆ ಕೊಟ್ಟರು. ಆ ಸಂಜೆ ಬಸ್ಸಿನಲ್ಲಿ ಯಾರೂ ನನ್ನನ್ನು ಫುಲ್‌ಸ್ಟಾಪ್ ಆಟಕ್ಕೆ ಎಳೆಯಲಿಲ್ಲ. ಅವಳು ನನ್ನ ಪಕ್ಕ ಕೂತು ಸೆರಗಿನ ತುದಿ ಸುತ್ತುತ್ತಿದ್ದಳು.

“ಅಕ್ಕ, ನಿಮ್ದನ್ನ ನಾವು ಹಾಳ್ಮಾಡ್ಬಿಟ್ವಾ?”

“ಗೊತ್ತಿಲ್ಲ ಕಣೇ. ಹೇಗೆ ಬರೀತೀಯ, ಹೇಳು, ಕೇಳ್ತೀನಿ” ಎಂದೆ.

ಅವಳು ಶುರು ಮಾಡಿದಳು. ನಾನು ಒಬ್ಬಳೇ ತೆಗೆದು ನೋಡುತ್ತಿದ್ದ ಆ ಕೆಲವು ಸಾಲುಗಳ ಜಾಗಕ್ಕೆ ಬಂದಾಗ ಅವಳಿಗೆ ಅದು ವಾಕ್ಯದ ಮೇಲೆ ವಾಕ್ಯವಾಗಿ ಬೆಳೆಯಿತು. ಗೇರ್ ಬಾಕ್ಸಿನೊಳಗೆ ಗೇರು, ಗೇರಿಗೆ ಎರಕ, ಇದ್ದದ್ದು ಬೇಕಾದದ್ದಕ್ಕಿಂತ ಕಡಿಮೆಯಾದರೆ ಎರಕಕ್ಕೆ ಹಾಕು, ಫುಲ್‌ಸ್ಟಾಪ್. ನಡುನಡುವೆ ನಾನು ತಿದ್ದಿದೆ. ಉದ್ದವಾಗಿತ್ತು, ನಿಧಾನವಾಗಿತ್ತು, ನನ್ನದರ ಅಂದ ಅದರಲ್ಲಿ ಒಂದು ಚೂರೂ ಇರಲಿಲ್ಲ. ತಪ್ಪೂ ಇರಲಿಲ್ಲ.

ಯಲಹಂಕ ದಾಟಿದ ಮೇಲೆ ಖಾದರ್ ಸಾಹೇಬರು ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದರು.

“ಹಂಗಾದ್ರೆ ಮೇಡಂ, ಈ ತಿಂಗ್ಳು ಆ ಗೇರು ಸಾಲಲ್ವಾ?”

ನನ್ನ ಪ್ರೋಗ್ರಾಮಿನ ಒಳಗಿನ ಮಾತನ್ನು ಹಿಡಿದು ಹೊರಗಿನವರು ನನ್ನನ್ನು ಪ್ರಶ್ನೆ ಕೇಳಿದ್ದು ಅದೇ ಮೊದಲು.

“ಸಾಲಲ್ಲ ಸಾಹೇಬ್ರೇ” ಎಂದೆ.

ನಾಗರತ್ನ ನನ್ನ ಕಡೆ ತಿರುಗಿದಳು. ಅವಳ ಬಾಯಿ ಅವಳಿಗೆ ವಾಪಸು ಬಂದಿತ್ತು.

“ಅಕ್ಕ, ಫುಲ್‌ಸ್ಟಾಪ್ ಹೇಳ್ಲಿಲ್ಲ ನೀವು.”

ರಾಜಾನುಕುಂಟೆಯಲ್ಲಿ ಇಳಿದು ಎಲ್ಲರಿಗೂ ಕಡಲೆಕಾಯಿ ಕೊಡಿಸಿದೆ.